ಮನೆಯ ಕಂಪ್ಯೂಟರಿಗೂ ಬೇಕು ಕಾವಲು: ಒಳಬರುವ, ಹೊರಹೋಗುವ ಫೈರ್‌ವಾಲ್ ನಿಯಮಗಳನ್ನು ಅರಿಯೋಣ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲೂಕುಗಳು ಕರಾವಳಿಯವರಾದ ನಮಗೆ ದೂರದ ಬಯಲುಸೀಮೆ. ಆ ಸೀಮೆಯಲ್ಲಿ "ಕಾವಲು" ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಕಾಯುವ ಕೆಲಸ. ಇನ್ನೊಂದು, ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲು. ಇಂದು ಚಳ್ಳಕೆರೆ ತಾಲೂಕಿನ ಇಂಥ ಕಾವಲುಗಳಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಕುದಾಪುರ ಆವರಣವಿದೆ, ಡಿಆರ್‌ಡಿಓದ ವಿಮಾನ ಪರೀಕ್ಷಾ ನೆಲೆಯಿದೆ. ಇಸ್ರೋ ಸಂಸ್ಥೆಯು ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟು, ಅದು ತಾನಾಗಿಯೇ ಓಡುದಾರಿಗೆ ಬಂದಿಳಿಯುವುದನ್ನು 2023ರ ಏಪ್ರಿಲ್ 2ರಂದು ಪರೀಕ್ಷಿಸಿ ನೋಡಿದ್ದೂ ಅಲ್ಲಿಯೇ.

ಅಂಥ ಸಂಸ್ಥೆಗಳಿಗೆ ಬೇಲಿಯೂ ಇದೆ, ಗೇಟೂ ಇದೆ, ಕಾವಲುಗಾರರೂ ಇದ್ದಾರೆ. ಅವುಗಳ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳಲು ಬೇರೆಯೇ ತಜ್ಞರಿರುತ್ತಾರೆ. ಆದರೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಮನೆಯ ಕಂಪ್ಯೂಟರನ್ನು ಕಾಯುವವರು ಯಾರು? ಚಳ್ಳಕೆರೆಯ ಶೇಂಗಾ ವ್ಯಾಪಾರಿಯ ಲೆಕ್ಕದ ಕಂಪ್ಯೂಟರನ್ನು, ಅಲ್ಲಿ ಶಿಕ್ಷಕಿಯಾಗಿರುವ ನಮ್ಮೂರ ಹೆಣ್ಣುಮಗಳ ಲ್ಯಾಪ್‌ಟಾಪನ್ನು, ಅಷ್ಟೇಕೆ, ನಮ್ಮ ಚರ್ಚ್ ಕಚೇರಿಯ ಕಂಪ್ಯೂಟರನ್ನು ಕಾಯುವವರು ಯಾರು? ಅದರಲ್ಲಿ ಈಗಾಗಲೇ ಒಬ್ಬ ಕಾವಲುಗಾರನಿದ್ದಾನೆ. ಅವನ ಹೆಸರು ಫೈರ್‌ವಾಲ್. ಅವನು ಏನಾದರೂ ಕೇಳಿದಾಗ ಪ್ರಶ್ನೆಯನ್ನು ಓದದೆಯೇ "ಅನುಮತಿಸಿ" ಎಂಬ ಗುಂಡಿಯನ್ನು ಒತ್ತುವ ಅಭ್ಯಾಸ ನಮ್ಮಲ್ಲಿ ಹೆಚ್ಚಿನವರಿಗಿದೆ. ಆದುದರಿಂದ ಅವನ ಭಾಷೆಯನ್ನು ಈ ಲೇಖನದಲ್ಲಿ ಸ್ವಲ್ಪ ತಿಳಿದುಕೊಳ್ಳೋಣ.

ಫೈರ್‌ವಾಲ್ ಎಂದರೇನು?

ಅಕ್ಷರಶಃ ಹೇಳುವುದಾದರೆ ಇದು ಬೆಂಕಿಗೋಡೆ. ಒಂದು ಮನೆಗೆ ಬಿದ್ದ ಬೆಂಕಿ ಪಕ್ಕದ ಮನೆಗೆ ದಾಟದಂತೆ ನಡುವೆ ಕಟ್ಟುವ ಗಟ್ಟಿ ಗೋಡೆಗೆ ಈ ಹೆಸರಿತ್ತು. ಕಂಪ್ಯೂಟರಿನಲ್ಲಿ ಅದು ಗೋಡೆಗಿಂತಲೂ ಹೆಚ್ಚಾಗಿ ಗೇಟಿನ ಕಾವಲುಗಾರನಂತೆ ಕೆಲಸ ಮಾಡುತ್ತದೆ. ಅಂತರ್ಜಾಲದಲ್ಲಿ ಹೋಗಿ ಬರುವ ಮಾಹಿತಿಯೆಲ್ಲ ಚಿಕ್ಕ ಚಿಕ್ಕ ಕಟ್ಟುಗಳಾಗಿ ಸಾಗುತ್ತದೆ. ಪ್ರತಿಯೊಂದು ಕಟ್ಟಿನ ಮೇಲೂ ಕಳುಹಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ ಮತ್ತು ಒಂದು ಸಂಖ್ಯೆ ಇರುತ್ತದೆ. ಫೈರ್‌ವಾಲ್ ಈ ವಿವರಗಳನ್ನು ತನ್ನ ಬಳಿಯಿರುವ ನಿಯಮಗಳ ಪಟ್ಟಿಯೊಂದಿಗೆ ಹೋಲಿಸಿ "ಬಿಡು" ಅಥವಾ "ತಡೆ" ಎಂದು ತೀರ್ಮಾನಿಸುತ್ತದೆ.

ಆ ಸಂಖ್ಯೆಗೆ ಪೋರ್ಟ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಕಿಂಡಿ ಎಂದರೆ ಸುಲಭವಾಗಿ ಅರ್ಥವಾಗುತ್ತದೆ. ಒಂದು ವಿಳಾಸಕ್ಕೆ 0ರಿಂದ 65,535ರವರೆಗೆ ಕಿಂಡಿಗಳಿರಬಹುದು. ವೆಬ್ ಪುಟಗಳಿಗೆ 80 ಮತ್ತು 443, ಕಡತ ಹಾಗೂ ಪ್ರಿಂಟರ್ ಹಂಚಿಕೆಗೆ 445, ದೂರದಿಂದ ಕಂಪ್ಯೂಟರನ್ನು ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ಗೆ 3389, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಕಿಂಡಿ ರೂಢಿಯಲ್ಲಿದೆ.

ಕಿಂಡಿ ಎಂದೊಡನೆ ಚಿತ್ರದುರ್ಗದವರಿಗೆ ನೆನಪಾಗುವುದು ಒನಕೆ ಓಬವ್ವ. ಹೈದರಾಲಿಯ ಸೇನೆಯು ಕೋಟೆಗೆ ಮುತ್ತಿಗೆ ಹಾಕಿದ್ದಾಗ ಏಳು ಸುತ್ತಿನ ಕೋಟೆಯ ಹೆಬ್ಬಾಗಿಲುಗಳು ಭದ್ರವಾಗಿಯೇ ಇದ್ದವು. ಶತ್ರುಗಳು ನುಸುಳಿದ್ದು ಬಂಡೆಗಳ ನಡುವಿನ ಒಂದು ಕಿರುಕಿಂಡಿಯಿಂದ. ಕಾವಲಿದ್ದ ಗಂಡ ಊಟಕ್ಕೆಂದು ಮನೆಗೆ ಹೋಗಿದ್ದ ಹೊತ್ತಿನಲ್ಲಿ ಓಬವ್ವ ಒನಕೆ ಹಿಡಿದು ಆ ಕಿಂಡಿಯಲ್ಲಿ ನಿಂತಳೆಂಬ ಕಥೆಯನ್ನು ನಾಡಿನ ಮಕ್ಕಳೆಲ್ಲ ಕೇಳಿದ್ದಾರೆ. ಕಂಪ್ಯೂಟರಿನ ವಿಷಯದಲ್ಲಿಯೂ ಅಪಾಯ ಬರುವುದು ಹೀಗೆಯೇ, ನಾವು ತೆರೆದದ್ದೇ ನೆನಪಿಲ್ಲದ ಕಿಂಡಿಯ ಮೂಲಕ.

ಒಳಗೆ, ಹೊರಗೆ ಎಂದರೆ ಯಾವುದು?

ಹಲವರು ಎಡವುವುದು ಇಲ್ಲಿಯೇ. ಅಂತರ್ಜಾಲದಿಂದ ಹಾಡೊಂದನ್ನು ಇಳಿಸಿಕೊಂಡರೆ ಅದು ಹೊರಗಿನಿಂದ ಒಳಗೆ ಬಂತಲ್ಲವೇ, ಹಾಗಾದರೆ ಅದಕ್ಕೆ ಒಳಬರುವ ನಿಯಮ ಬೇಕಲ್ಲವೇ ಎಂದು ಕೇಳುತ್ತಾರೆ. ಬೇಡ. ಮಾಹಿತಿಯು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಫೈರ್‌ವಾಲ್ ಇಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಪರ್ಕವನ್ನು ಮೊದಲು ಆರಂಭಿಸಿದವರು ಯಾರು ಎಂಬುದೇ ಮುಖ್ಯ.

ದೂರವಾಣಿಯ ಉದಾಹರಣೆ ತೆಗೆದುಕೊಳ್ಳೋಣ. ನಾವು ಮಗನಿಗೆ ಕರೆ ಮಾಡಿದರೆ ಅದು ಹೊರಹೋಗುವ ಕರೆ. ಅರ್ಧ ಗಂಟೆ ಅವನೇ ಮಾತಾಡಿ ನಾವು ಬರೀ ಕೇಳಿಸಿಕೊಂಡರೂ ಅದು ಹೊರಹೋಗುವ ಕರೆಯೇ. ನಮಗೆ ಬೇರೆ ಯಾರೋ ಕರೆ ಮಾಡಿದರೆ ಅದು ಒಳಬರುವ ಕರೆ. ಹಾಡನ್ನು ಇಳಿಸಿಕೊಳ್ಳುವಾಗ ಮೊದಲು ಕರೆ ಮಾಡಿದ್ದು ನಮ್ಮ ಕಂಪ್ಯೂಟರ್. ಆದುದರಿಂದ ಅದು ಹೊರಹೋಗುವ ಸಂಪರ್ಕ. ಫೈರ್‌ವಾಲಿಗೆ ನೆನಪಿನ ಶಕ್ತಿಯಿದೆ. "ಈ ಮನೆಯವರೇ ಕರೆದಿದ್ದರು, ಇದು ಅದರ ಉತ್ತರ" ಎಂದು ಗುರುತಿಸಿ ಉತ್ತರವನ್ನು ತಾನಾಗಿಯೇ ಒಳಗೆ ಬಿಡುತ್ತದೆ. ಅದಕ್ಕಾಗಿ ನಾವು ಬೇರೆ ನಿಯಮ ಬರೆಯಬೇಕಿಲ್ಲ.

ಹಾಗಾಗಿ ಅಂತರ್ಜಾಲ ನೋಡಲು, ಮಿಂಚಂಚೆ ಓದಲು, ಬ್ಯಾಂಕ್ ವ್ಯವಹಾರ ಮಾಡಲು, ಸರ್ಕಾರದ ಸೈಟುಗಳಲ್ಲಿ ಅರ್ಜಿ ತುಂಬಲು ಒಂದೇ ಒಂದು ಒಳಬರುವ ಕಿಂಡಿಯನ್ನೂ ತೆರೆಯುವ ಅಗತ್ಯವಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೂ ಲೇಖನದ ಅರ್ಧ ಪ್ರಯೋಜನ ದೊರೆತಂತೆ.

ಒಳಬರುವ ನಿಯಮಗಳು

ವಿಂಡೋಸ್ ಫೈರ್‌ವಾಲಿನ ಮೂಲ ನಿಲುವು ಹೀಗಿದೆ: ಹೊರಗಿನಿಂದ ಬರುವ ಯಾವುದೇ ಕರೆಗೆ ನಿಯಮವೊಂದು ಸ್ಪಷ್ಟವಾಗಿ ಅನುಮತಿ ಕೊಟ್ಟಿರದಿದ್ದರೆ ಅದನ್ನು ತಡೆ. ಈ ನಿಲುವಿನ ಹಿಂದೆ ಕಹಿ ಅನುಭವವಿದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಅದನ್ನು ಚಾಲೂ ಮಾಡಿ ಕೊಟ್ಟಿರಲಿಲ್ಲ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳು 135ನೆಯ ಕಿಂಡಿಯ ಮೂಲಕ ಲೋಕದ ಲಕ್ಷಾಂತರ ಕಂಪ್ಯೂಟರುಗಳನ್ನು ಹೊಕ್ಕಿತು. ಡಯಲ್-ಅಪ್ ಮೂಲಕ ಅಂತರ್ಜಾಲಕ್ಕೆ ನೇರವಾಗಿ ಸೇರಿದ್ದ ಮನೆ ಕಂಪ್ಯೂಟರುಗಳು ಒಂದು ನಿಮಿಷದ ಗಡುವು ತೋರಿಸಿ ತಾವಾಗಿಯೇ ಆರಿ ಹೊತ್ತಿಕೊಳ್ಳುತ್ತಿದ್ದವು. ಬಳಕೆದಾರರು ಯಾವ ತಪ್ಪನ್ನೂ ಮಾಡಿರಲಿಲ್ಲ, ಯಾವ ಕಡತವನ್ನೂ ತೆರೆದಿರಲಿಲ್ಲ. ಕಿಂಡಿ ತೆರೆದಿತ್ತು, ಅಷ್ಟೇ. ಮುಂದೆ 2004ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನೊಂದಿಗೆ ಫೈರ್‌ವಾಲ್ ತಾನಾಗಿಯೇ ಚಾಲೂ ಇರುವ ಪದ್ಧತಿ ಬಂತು.

ಪಾಠ ಅಲ್ಲಿಗೇ ಮುಗಿಯಲಿಲ್ಲ. 2017ರ ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶವು 445ನೆಯ ಕಿಂಡಿಯನ್ನು ಬಳಸಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಕಂಪ್ಯೂಟರುಗಳಿಗೆ ಹಬ್ಬಿತು. ಅದು ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಡಲು 300 ಡಾಲರು ಬೆಲೆಯ ಬಿಟ್‌ಕಾಯಿನ್ ಕೇಳುತ್ತಿತ್ತು. ನಮ್ಮ ನೆರೆಯ ಕೇರಳದ ವಯನಾಡಿನಲ್ಲಿ ಗ್ರಾಮ ಪಂಚಾಯತಿ ಕಚೇರಿಯ ಕಂಪ್ಯೂಟರುಗಳು ಕೂಡ ಇದಕ್ಕೆ ಸಿಲುಕಿದವು. ದೊಡ್ಡ ಬ್ಯಾಂಕುಗಳು ಮಾತ್ರ ಗುರಿಯಾಗುತ್ತವೆ, ಹಳ್ಳಿಯ ನಮ್ಮ ಕಂಪ್ಯೂಟರ್ ಯಾರಿಗೆ ಬೇಕು ಎಂಬ ನಂಬಿಕೆಗೆ ಇದೇ ಉತ್ತರ. ಹುಳು ಯಾರನ್ನೂ ಹೆಸರಿಟ್ಟು ಹುಡುಕುವುದಿಲ್ಲ. ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತದೆ, ತೆರೆದಲ್ಲಿ ಹೊಕ್ಕುತ್ತದೆ. ಅದಕ್ಕೆ ಚಳ್ಳಕೆರೆಯೂ ಒಂದೇ, ಲಂಡನ್ನೂ ಒಂದೇ. ಆ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, 2017ರ ಮಾರ್ಚಿನಲ್ಲಿ, ತೇಪೆ ಒದಗಿಸಿತ್ತು ಎಂಬುದನ್ನೂ ಮರೆಯಬಾರದು. ತೇಪೆ ಹಾಕಿದವರು ಉಳಿದರು, ಕಿಂಡಿ ಮುಚ್ಚಿದವರೂ ಉಳಿದರು.

ಹೊರಹೋಗುವ ನಿಯಮಗಳು

ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು ಕರೆಯುವುದುಂಟು. ಶೇಂಗಾ ಎಣ್ಣೆಯ ಗಿರಣಿಗಳಿಂದ ಬಂದ ಹೆಸರು ಅದು. ಗಿರಣಿಯ ಗೇಟಿನಲ್ಲಿ ನಿಂತ ಕಾವಲುಗಾರನಿಗೆ ಎರಡು ಕೆಲಸ. ಅಪರಿಚಿತರನ್ನು ಒಳಗೆ ಬಿಡದಿರುವುದು ಒಂದು. ಒಳಗಿನಿಂದ ಹೊರಡುವ ಲಾರಿಯಲ್ಲಿ ಚೀಟಿಯಿಲ್ಲದೆ ಡಬ್ಬಿಗಳು ಹೋಗದಂತೆ ನೋಡಿಕೊಳ್ಳುವುದು ಇನ್ನೊಂದು. ಏಕೆಂದರೆ ಕಳ್ಳತನದಲ್ಲಿ ಕಳ್ಳ ಒಳಗೆ ಬಂದದ್ದು ನಷ್ಟವಲ್ಲ, ಮಾಲು ಹೊರಗೆ ಹೋದದ್ದು ನಷ್ಟ.

ಹೊರಹೋಗುವ ನಿಯಮಗಳು ಮಾಡುವುದು ಈ ಎರಡನೆಯ ಕೆಲಸವನ್ನು. ಮಿಂಚಂಚೆಯೊಂದಿಗೆ ಬಂದ ಕಡತದಿಂದಲೋ, ಪುಕ್ಕಟೆ ಸಿಕ್ಕ ಕದ್ದ ಸಾಫ್ಟ್‌ವೇರಿನಿಂದಲೋ ಒಂದು ಕುತಂತ್ರಾಂಶ ಒಳಗೆ ಬಂದು ಕುಳಿತಿದೆ ಎಂದುಕೊಳ್ಳೋಣ. ಅದನ್ನು ಒಳಗೆ ತಂದವರು ನಾವೇ. ಒಳಬರುವ ನಿಯಮ ಅದನ್ನು ತಡೆಯಲಿಲ್ಲ. ಈಗ ಅದು ನಮ್ಮ ಗುಪ್ತಪದಗಳನ್ನು ಸಂಗ್ರಹಿಸಿ ತನ್ನ ಯಜಮಾನನಿಗೆ ಕಳುಹಿಸಬೇಕು. ಅದಕ್ಕಾಗಿ ಅದು ಒಳಗಿನಿಂದ ಹೊರಗೆ ಕರೆ ಮಾಡುತ್ತದೆ.

ವಿಂಡೋಸಿನ ಮೂಲ ನಿಲುವು ಇಲ್ಲಿ ತಲೆಕೆಳಗು: ಹೊರಹೋಗುವ ಯಾವುದೇ ಕರೆಯನ್ನು ನಿಯಮವೊಂದು ಸ್ಪಷ್ಟವಾಗಿ ತಡೆಯದಿದ್ದರೆ ಅದನ್ನು ಬಿಡು. ಎಕ್ಸ್‌ಪಿಯ ಫೈರ್‌ವಾಲಿನಲ್ಲಿ ಹೊರಹೋಗುವುದನ್ನು ತಡೆಯುವ ಸೌಲಭ್ಯವೇ ಇರಲಿಲ್ಲ. ವಿಂಡೋಸ್ ವಿಸ್ತಾದಿಂದ ಅದು ಬಂತು. ಇನ್ನೊಂದು ವ್ಯತ್ಯಾಸವಿದೆ. ಯಾವುದಾದರೂ ತಂತ್ರಾಂಶ ಹೊರಗಿನ ಕರೆಗಾಗಿ ಕಿಂಡಿ ತೆರೆದು ಕುಳಿತರೆ ವಿಂಡೋಸ್ ಪರದೆಯ ಮೇಲೆ ನಮ್ಮನ್ನು ಕೇಳುತ್ತದೆ. ಆದರೆ ತಂತ್ರಾಂಶ ಹೊರಗೆ ಕರೆ ಮಾಡಿದರೆ ಏನನ್ನೂ ಕೇಳುವುದಿಲ್ಲ.

ಹಾಗಾದರೆ ಹೊರಹೋಗುವುದನ್ನೆಲ್ಲ ಮುಚ್ಚಿಬಿಡೋಣವೇ? ಮುಚ್ಚಬಹುದು, ಆದರೆ ಮರುಕ್ಷಣವೇ ಅಂತರ್ಜಾಲ ನಿಲ್ಲುತ್ತದೆ, ಮಿಂಚಂಚೆ ನಿಲ್ಲುತ್ತದೆ, ವಿಂಡೋಸಿನ ಸುರಕ್ಷತಾ ತೇಪೆಗಳು ಬರುವುದೂ ನಿಲ್ಲಬಹುದು. ಆಮೇಲೆ ಒಂದೊಂದಕ್ಕೂ ಅನುಮತಿ ಬರೆಯುತ್ತಾ ಕೂರಬೇಕು. ದೊಡ್ಡ ಕಚೇರಿಗಳಲ್ಲಿ ಅದಕ್ಕೆಂದೇ ಜನರಿರುತ್ತಾರೆ. ಮನೆಯವರು ಬೇಸತ್ತು ಎರಡನೆಯ ದಿನ ಫೈರ್‌ವಾಲನ್ನೇ ಆರಿಸಿಬಿಡುವ ಸಂಭವ ಹೆಚ್ಚು. ಆದುದರಿಂದ ಮನೆಗೆ ಒಪ್ಪುವ ದಾರಿ ಇದು: ಹೊರಹೋಗುವುದಕ್ಕೆ ಮೂಲ ನಿಲುವನ್ನು ಹಾಗೆಯೇ ಬಿಟ್ಟು, ಅಂತರ್ಜಾಲದ ಅಗತ್ಯವೇ ಇಲ್ಲದ ನಿರ್ದಿಷ್ಟ ತಂತ್ರಾಂಶಗಳಿಗೆ ಮಾತ್ರ ತಡೆ ಹಾಕುವುದು.

ಬಹಳ ಮುಖ್ಯವಾದ ಮಾಹಿತಿಯಿದ್ದರೆ ಅದಕ್ಕೆ ಅಂತರ್ಜಾಲವೇ ಇಲ್ಲದ ಕಂಪ್ಯೂಟರ್ ಒಳ್ಳೆಯದು. 2019ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣುವಿದ್ಯುತ್ ಸ್ಥಾವರಕ್ಕೆ ಸಂಬಂಧಿಸಿದ ಒಂದು ಕಂಪ್ಯೂಟರಿನಲ್ಲಿ ಕುತಂತ್ರಾಂಶ ಪತ್ತೆಯಾದಾಗ, ಅದು ಆಡಳಿತ ಕೆಲಸಕ್ಕಾಗಿ ಅಂತರ್ಜಾಲಕ್ಕೆ ಸೇರಿದ್ದ ಜಾಲದ ಕಂಪ್ಯೂಟರ್ ಎಂದೂ, ಸ್ಥಾವರವನ್ನು ನಡೆಸುವ ವ್ಯವಸ್ಥೆ ಅದರಿಂದ ಪ್ರತ್ಯೇಕವಾಗಿದ್ದುದರಿಂದ ತೊಂದರೆಯಾಗಿಲ್ಲವೆಂದೂ ಪರಮಾಣು ವಿದ್ಯುತ್ ನಿಗಮ ತಿಳಿಸಿತು. ಬೇರ್ಪಡಿಸಿ ಇಡುವ ಈ ಉಪಾಯ ಮನೆಯಲ್ಲಿಯೂ ಸಾಧ್ಯ.

ಒಂದು ನಿಯಮದಲ್ಲಿ ಏನೇನಿರುತ್ತದೆ?

ಪ್ರತಿಯೊಂದು ನಿಯಮವೂ ಐದು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ:

1. ದಿಕ್ಕು: ಒಳಬರುವುದೋ, ಹೊರಹೋಗುವುದೋ?
2. ಯಾರು: ಯಾವ ತಂತ್ರಾಂಶಕ್ಕೆ, ಅಥವಾ ಯಾವ ಕಿಂಡಿಗೆ?
3. ಯಾರೊಡನೆ: ಲೋಕದ ಯಾವುದೇ ವಿಳಾಸದೊಡನೆಯೋ, ಮನೆಯೊಳಗಿನ ಜಾಲದೊಡನೆ ಮಾತ್ರವೋ?
4. ಎಲ್ಲಿ: ಮನೆಯಂಥ ಖಾಸಗಿ ಜಾಲದಲ್ಲಿಯೋ, ಲಾಡ್ಜ್ ಅಥವಾ ರೈಲು ನಿಲ್ದಾಣದ ಸಾರ್ವಜನಿಕ ವೈಫೈಯಲ್ಲಿಯೋ?
5. ತೀರ್ಮಾನ: ಬಿಡಬೇಕೋ, ತಡೆಯಬೇಕೋ?

ಒಂದೇ ವಿಷಯಕ್ಕೆ ಒಂದು ನಿಯಮ "ಬಿಡು" ಎಂದು, ಇನ್ನೊಂದು "ತಡೆ" ಎಂದು ಹೇಳಿದರೆ ವಿಂಡೋಸಿನಲ್ಲಿ ಸಾಮಾನ್ಯವಾಗಿ ತಡೆಯೇ ಗೆಲ್ಲುತ್ತದೆ. ಅನುಮತಿ ಕೊಟ್ಟರೂ ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಎಂದಾದರೆ, ಹಿಂದೆಂದೋ "ರದ್ದುಮಾಡಿ" ಒತ್ತಿದ್ದರಿಂದ ಹುಟ್ಟಿದ ತಡೆಯ ನಿಯಮವೊಂದು ಪಟ್ಟಿಯಲ್ಲಿ ಉಳಿದಿದೆಯೇ ಎಂದು ನೋಡಬೇಕು.

ಒಂದು ಮನೆಯ ಉದಾಹರಣೆ

ಮೊಳಕಾಲ್ಮೂರಿನ ಒಂದು ನೇಕಾರ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಆ ಊರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಪಡಸಾಲೆಯ ಹಳೆಯ ಡೆಸ್ಕ್‌ಟಾಪಿನಲ್ಲಿ ತಂದೆಯವರು ಅಂಚು-ಸೆರಗಿನ ವಿನ್ಯಾಸಗಳನ್ನೂ, ಯಾವ ವ್ಯಾಪಾರಿಯಿಂದ ಎಷ್ಟು ಬಾಕಿ ಎಂಬ ಲೆಕ್ಕವನ್ನೂ ಇಟ್ಟಿದ್ದಾರೆ. ಕಾಲೇಜಿಗೆ ಹೋಗುವ ಮಗಳ ಬಳಿ ಲ್ಯಾಪ್‌ಟಾಪ್ ಇದೆ. ಇಬ್ಬರಿಗೂ ಒಂದೇ ಪ್ರಿಂಟರ್, ಒಂದೇ ವೈಫೈ.

ಮಗಳು ಲ್ಯಾಪ್‌ಟಾಪಿನಿಂದ ಪರೀಕ್ಷೆಯ ಫಲಿತಾಂಶ ನೋಡುತ್ತಾಳೆ. ಇದು ಹೊರಹೋಗುವ ಕರೆ. ಯಾವ ನಿಯಮವೂ ಬೇಡ.

ಅವಳು ತಂದೆಯ ಡೆಸ್ಕ್‌ಟಾಪಿನಲ್ಲಿರುವ ವಿನ್ಯಾಸವೊಂದನ್ನು ತನ್ನ ಲ್ಯಾಪ್‌ಟಾಪಿನಿಂದಲೇ ತೆರೆಯಬೇಕು. ಲ್ಯಾಪ್‌ಟಾಪಿಗೆ ಇದು ಹೊರಹೋಗುವ ಕರೆ, ಡೆಸ್ಕ್‌ಟಾಪಿಗೆ ಒಳಬರುವ ಕರೆ. ಆದುದರಿಂದ ಡೆಸ್ಕ್‌ಟಾಪಿನಲ್ಲಿ ಕಡತ ಹಂಚಿಕೆಗೆ ಅನುಮತಿ ಬೇಕು. ಆದರೆ ಖಾಸಗಿ ಜಾಲದಲ್ಲಿ ಮಾತ್ರ, ಮನೆಯ ಜಾಲದ ವಿಳಾಸಗಳಿಗೆ ಮಾತ್ರ.

ಲೆಕ್ಕ ಸರಿಪಡಿಸಲು ಬಂದವರೊಬ್ಬರು "ಪ್ರತಿಸಲ ಬರಲಾಗದು, ರೌಟರಿನಲ್ಲಿ 3389ನ್ನು ತೆರೆದಿಡಿ, ನಾನು ಊರಿನಿಂದಲೇ ನೋಡುತ್ತೇನೆ" ಎನ್ನುತ್ತಾರೆ. ಇದಕ್ಕೆ ಒಪ್ಪಬಾರದು. ಅವರಿಗಾಗಿ ತೆರೆದ ಕಿಂಡಿ ಅವರಿಗೆ ಮಾತ್ರ ಕಾಣುವುದಿಲ್ಲ, ಇಡೀ ಲೋಕಕ್ಕೆ ಕಾಣುತ್ತದೆ. ಗುಪ್ತಪದಗಳನ್ನು ಒಂದರ ಮೇಲೊಂದು ಊಹಿಸಿ ತಟ್ಟುವ ಯಂತ್ರಗಳು ಹಗಲಿರುಳೂ ಇಂಥ ಕಿಂಡಿಗಳನ್ನೇ ಹುಡುಕುತ್ತಿರುತ್ತವೆ. ಹೀಗೆ ಒಳಗೆ ಬಂದವರು ಮೂವತ್ತು ವರ್ಷದ ವಿನ್ಯಾಸಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳಿದರೆ, ಮಗ್ಗ ಮನೆಯಲ್ಲಿಯೇ ಇದ್ದರೂ ಕಸುಬು ನಿಂತಂತೆಯೇ.

ವಿನ್ಯಾಸ ಬಿಡಿಸುವ ತಂತ್ರಾಂಶಕ್ಕೆ ಅಂತರ್ಜಾಲ ಬೇಕಿಲ್ಲವೆಂದಾದರೆ ಅದಕ್ಕೆ ಹೊರಹೋಗುವ ತಡೆಯನ್ನು ಹಾಕಬಹುದು. ಸಣ್ಣ ಕೆಲಸ, ಐದು ನಿಮಿಷ ಸಾಕು.

ನಾವು ಮಾಡಬಹುದಾದ ಕೆಲಸಗಳು

1. ಸ್ಟಾರ್ಟ್ ಮೆನುವಿನಲ್ಲಿ "ವಿಂಡೋಸ್ ಸೆಕ್ಯೂರಿಟಿ" ತೆರೆದು, "ಫೈರ್‌ವಾಲ್ ಆ್ಯಂಡ್ ನೆಟ್‌ವರ್ಕ್ ಪ್ರೊಟೆಕ್ಷನ್" ವಿಭಾಗದಲ್ಲಿ ಖಾಸಗಿ, ಸಾರ್ವಜನಿಕ ಎರಡೂ ಜಾಲಗಳಿಗೆ ಫೈರ್‌ವಾಲ್ ಚಾಲೂ ಇದೆಯೇ ನೋಡಿ.

2. ಅಲ್ಲಿಯೇ "ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್" ಒತ್ತಿದರೆ ಎಡಬದಿಯಲ್ಲಿ "ಇನ್‌ಬೌಂಡ್ ರೂಲ್ಸ್" ಮತ್ತು "ಔಟ್‌ಬೌಂಡ್ ರೂಲ್ಸ್" ಎಂಬ ಎರಡು ಪಟ್ಟಿಗಳು ಕಾಣುತ್ತವೆ. ಮೊದಲನೆಯದರಲ್ಲಿ ಹಸಿರು ಗುರುತಿರುವವು ಚಾಲೂ ಇರುವ ಅನುಮತಿಗಳು. ನೀವೇ ಹಾಕಿದ, ಈಗ ಬಳಸದ ಆಟ ಅಥವಾ ತಂತ್ರಾಂಶದ ಹೆಸರಿದ್ದರೆ ಆ ನಿಯಮವನ್ನು ಅಳಿಸದೆ ನಿಷ್ಕ್ರಿಯಗೊಳಿಸಿ. ತೊಂದರೆಯಾದರೆ ಹಿಂದಕ್ಕೆ ತರಬಹುದು. ವಿಂಡೋಸ್ ತಾನೇ ಬರೆದುಕೊಂಡ ನಿಯಮಗಳನ್ನು ಮುಟ್ಟಬೇಡಿ.

3. ಹೊರಹೋಗುವ ತಡೆಗಾಗಿ "ಔಟ್‌ಬೌಂಡ್ ರೂಲ್ಸ್" ಆರಿಸಿ, "ನ್ಯೂ ರೂಲ್" ಒತ್ತಿ, "ಪ್ರೋಗ್ರಾಂ" ಎಂದು ಆಯ್ದು, ತಂತ್ರಾಂಶದ ಕಡತವನ್ನು ತೋರಿಸಿ, "ಬ್ಲಾಕ್ ದ ಕನೆಕ್ಷನ್" ಎನ್ನಿ. ಮುಂದೆ ನೋಡಿದಾಗ ನೆನಪಾಗುವಂಥ ಹೆಸರಿಡಿ.

4. ಬಸ್ ನಿಲ್ದಾಣ, ಲಾಡ್ಜ್, ಆಸ್ಪತ್ರೆಗಳ ವೈಫೈಗೆ ಸೇರುವಾಗ ಜಾಲವನ್ನು "ಪಬ್ಲಿಕ್" ಎಂದೇ ಗುರುತಿಸಿ.

5. ಪರದೆಯಲ್ಲಿ ಅನುಮತಿ ಕೇಳಿದಾಗ ಎರಡು ಪ್ರಶ್ನೆ ಹಾಕಿಕೊಳ್ಳಿ: ಈ ತಂತ್ರಾಂಶ ನನಗೆ ಗೊತ್ತೇ? ಹೊರಗಿನವರು ಇದಕ್ಕೆ ಕರೆ ಮಾಡುವ ಅಗತ್ಯವಿದೆಯೇ? ಎರಡಕ್ಕೂ ಹೌದೆಂದಾದರೆ ಮಾತ್ರ ಅನುಮತಿಸಿ. ಸಂಶಯವಿದ್ದರೆ "ರದ್ದುಮಾಡಿ" ಒತ್ತಿ. ಹೆಚ್ಚಿನ ಸಂದರ್ಭಗಳಲ್ಲಿ ಕೆಲಸ ನಿಲ್ಲುವುದಿಲ್ಲ.

6. ದಿನನಿತ್ಯದ ಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆಯನ್ನು ಬಳಸಿ. ಅಡ್ಮಿನಿಸ್ಟ್ರೇಟರ್ ಅಧಿಕಾರ ಸಿಕ್ಕಿದ ಕುತಂತ್ರಾಂಶ ಫೈರ್‌ವಾಲಿನ ನಿಯಮಗಳನ್ನೇ ಬದಲಿಸಬಲ್ಲದು.

ಮನೆಯ ವೈಫೈ ರೌಟರ್ ಕೂಡ ಹೊರಗಿನ ಕರೆಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಅದು ಮೊದಲ ಸುತ್ತಿನ ಕೋಟೆ. ಆದರೆ ಒಂದೇ ಮನೆಯಲ್ಲಿ ಅತಿಥಿಯ ಲ್ಯಾಪ್‌ಟಾಪಿಗೆ ಹುಳು ತಗುಲಿದ್ದರೆ ರೌಟರ್ ಅದನ್ನು ತಡೆಯದು. ಆಗ ಕಾಯುವುದು ಕಂಪ್ಯೂಟರಿನೊಳಗಿನ ಫೈರ್‌ವಾಲ್ ಮಾತ್ರ. ಆದುದರಿಂದ ಎರಡೂ ಇರಲಿ.

ಫೈರ್‌ವಾಲ್ ಮಾಡಲಾಗದ್ದು

ಕಾವಲುಗಾರನಿಗೂ ಮಿತಿಯಿದೆ. ಬ್ಯಾಂಕಿನವರೆಂದೋ ಪೊಲೀಸರೆಂದೋ ಹೇಳಿಕೊಂಡು ಕರೆ ಮಾಡಿದವರ ಮಾತು ನಂಬಿ ನಾವೇ ಒಟಿಪಿ ಹೇಳಿದರೆ ಫೈರ್‌ವಾಲ್ ಏನೂ ಮಾಡಲಾರದು. ಅವರು ಹೇಳಿದರೆಂದು ದೂರನಿಯಂತ್ರಣದ ಆ್ಯಪನ್ನು ನಾವೇ ಹಾಕಿಕೊಂಡರೆ, ಅದು ಸಾಮಾನ್ಯವಾಗಿ ಒಳಗಿನಿಂದ ಹೊರಗೆ, ವೆಬ್ ಪುಟಗಳು ಬಳಸುವ ಕಿಂಡಿಯಿಂದಲೇ ಕರೆ ಮಾಡುತ್ತದೆ. ಒಳಬರುವ ಕಿಂಡಿಗಳೆಲ್ಲ ಮುಚ್ಚಿದ್ದರೂ ಕಂಪ್ಯೂಟರ್ ಅವರ ಕೈಗೆ ಹೋಗುತ್ತದೆ. ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರದೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು, ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಳೆಯ ವಿಂಡೋಸಿನ ದೋಷಗಳನ್ನೂ ಫೈರ್‌ವಾಲ್ ಸರಿಪಡಿಸದು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದನ್ನೇ ಬಳಸುವವರು ವಿಸ್ತರಿತ ಸುರಕ್ಷತಾ ತೇಪೆಗಳಿಗೆ ಹೆಸರು ನೋಂದಾಯಿಸುವುದನ್ನೋ, ಹೊಸ ಆವೃತ್ತಿಗೆ ಹೋಗುವುದನ್ನೋ ಮುಂದೂಡಬಾರದು. ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿಯೋ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿಯೋ ಇಟ್ಟು, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಬೇರೆಡೆ ಇಡಬೇಕು.

ಕೊನೆಯದಾಗಿ ನಮ್ಮ ಚರ್ಚ್ ಕಚೇರಿಗಳಲ್ಲಿ, ವಾಳೆಗಳಲ್ಲಿ ಸೇವೆ ಮಾಡುವವರಿಗೆ ಒಂದು ಮಾತು. ನಮ್ಮ ಕಂಪ್ಯೂಟರುಗಳಲ್ಲಿ ಕುಟುಂಬಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಜನನ-ವಿವಾಹದ ದಿನಾಂಕಗಳಿರುತ್ತವೆ. ಅವು ನಮ್ಮ ಸ್ವತ್ತಲ್ಲ, ನಮ್ಮನ್ನು ನಂಬಿ ಜನರು ಕೊಟ್ಟದ್ದು. ಮುಂದಿನ ಸಲ ಕಚೇರಿಯಲ್ಲಿ ಕುಳಿತಾಗ ಹತ್ತು ನಿಮಿಷ ಬಿಡುವು ಮಾಡಿಕೊಂಡು ಒಳಬರುವ ನಿಯಮಗಳ ಪಟ್ಟಿಯನ್ನೊಮ್ಮೆ ತೆರೆದು ನೋಡೋಣ. ಯಾರು ಯಾವಾಗ ತೆರೆದರೆಂದು ಯಾರಿಗೂ ನೆನಪಿಲ್ಲದ ಒಂದು ಕಿಂಡಿ ಅಲ್ಲಿರಬಹುದು. ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಮುಚ್ಚೋಣ.